ಬೆನ್ಯಾಮೀನನ ಎರಡು ಹೆಸರು

ಐದನೇ ಕ್ಲಾಸಿನ ನನ್ನ ಮೊಮ್ಮಗಳಿಗೆ ಹೋದ ವಾರ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ತನ್ನ ಹೆಸರು, ಒಬ್ಬ ಗೆಳೆಯನ ಹೆಸರು, ಮನೆತನದ ಹಿರಿಯರೊಬ್ಬರ ಹೆಸರು, ಈ ಮೂರಕ್ಕೂ ಅರ್ಥ ಬರೆದು ತರಬೇಕು. ತನ್ನದನ್ನು ಬೇಗ ಮುಗಿಸಿದಳು. ಗೆಳೆಯನ ಹೆಸರು ಬೆಂಜಮಿನ್.

"ಅದರ ಅರ್ಥ ಅವನಿಗೇ ಗೊತ್ತಿಲ್ವಂತೆ ತಾತ. ಇಂಗ್ಲಿಷ್ ಹೆಸರಿಗೆಲ್ಲ ಅರ್ಥ ಇರಲ್ಲ ಬಿಡು" ಎಂದಳು.

"ಇಂಗ್ಲಿಷ್ ಅಲ್ಲ ಪುಟ್ಟಿ, ಅದು ಹೀಬ್ರೂ" ಎಂದೆ.

ಇದು ನನಗೆ ಗೊತ್ತಾದದ್ದು ಬ್ಯಾಂಕಿನಲ್ಲಿ. ನಮ್ಮ ಲೆಡ್ಜರಿನಲ್ಲಿ ಅಬ್ರಹಾಂ 'ಎ' ಅಕ್ಷರದ ಪುಟದಲ್ಲಿ, ಇಬ್ರಾಹಿಂ 'ಐ' ಅಕ್ಷರದ ಪುಟದಲ್ಲಿ. "ಎರಡೂ ಒಂದೇ ಹೆಸರು ಕಣಯ್ಯ" ಎಂದು ಪಕ್ಕದ ಕೌಂಟರಿನ ಹಿರಿಯರು ಒಂದು ದಿನ ಹೇಳಿದರು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು ಅವರು. ಜೇಕಬ್, ಜೇಮ್ಸ್, ಯಾಕೂಬ್ ಕೂಡ ಒಂದೇ ಬೇರಿನವಂತೆ. ನನಗೆ ಹುಚ್ಚು ಹತ್ತಿತು. ಅವರ ಕನ್ನಡ ಸತ್ಯವೇದವನ್ನೇ ಎರವಲು ತಂದು ಹೆಸರುಗಳನ್ನು ಹುಡುಕಿ ಹುಡುಕಿ ಓದಿದೆ.

ಆ ಹಳೆಯ ಕಥೆಗಳಲ್ಲಿ ಎಷ್ಟೋ ಹೆಸರುಗಳು ಮನೆಯಲ್ಲಿ ಆಡಿದ ಮಾತುಗಳೇ. ಅಬ್ರಹಾಮನಿಗೆ 100 ವರ್ಷ, ಅವನ ಹೆಂಡತಿ ಸಾರಳಿಗೆ 90 ಆಗುವ ಹೊತ್ತಿಗೆ ಮಗುವಾಗುತ್ತದೆ ಎಂದು ದೇವರು ಹೇಳಿದಾಗ ಇಬ್ಬರಿಗೂ ನಗು ಬಂತು. ಹುಟ್ಟಿದವನು ಇಸಾಕ. ಹಾಗೆಂದರೆ 'ನಗುತ್ತಾನೆ'. ಕ್ರಿಯಾಪದವನ್ನೇ ಹೆಸರಾಗಿ ಇಡುವ ಜನ! ಇಸಾಕನ ಅವಳಿ ಮಕ್ಕಳಲ್ಲಿ ಎರಡನೆಯವನು ಅಣ್ಣನ ಹಿಮ್ಮಡಿ ಹಿಡಿದುಕೊಂಡೇ ಹೊರಗೆ ಬಂದ. ಹಿಮ್ಮಡಿಗೆ ಹೀಬ್ರೂವಿನಲ್ಲಿ 'ಅಕೇವ್', ಹಾಗಾಗಿ ಇವನು ಯಾಕೋಬ.

ಯಾಕೋಬ ಲೇಯ, ರಾಹೇಲ ಎಂಬ ಅಕ್ಕತಂಗಿಯರನ್ನು ಮದುವೆಯಾದ. ಒಲವೆಲ್ಲ ತಂಗಿಯ ಮೇಲೆ. ಲೇಯ ಮಕ್ಕಳಿಗೆ ಇಟ್ಟ ಹೆಸರುಗಳನ್ನು ಓದಿದರೆ ಹೊಟ್ಟೆ ಚುರ್ ಎನ್ನುತ್ತದೆ. ಮೊದಲನೆಯವನು ರೂಬೇನ, 'ನೋಡಿ, ಮಗ'. ಇನ್ನಾದರೂ ಗಂಡ ನನ್ನನ್ನು ಪ್ರೀತಿಸಿಯಾನು ಎಂಬ ಆಸೆ ಅವಳದು. ಎರಡನೆಯವನು ಸಿಮೆಯೋನ, 'ಕೇಳಿಸಿಕೊಂಡ' ಎನ್ನುವುದರಿಂದ ಬಂದದ್ದು. ದೇವರು ಕೇಳಿಸಿಕೊಂಡ, ಗಂಡನಲ್ಲ. ಮೂರನೆಯವನು ಲೇವಿ, ಇನ್ನಾದರೂ ನನ್ನ ಜೊತೆ ಸೇರಿಯಾನು ಎಂದು. ನಾಲ್ಕನೆಯವನ ಹೊತ್ತಿಗೆ ಗಂಡನ ಮಾತೇ ಇಲ್ಲ. ದೇವರನ್ನು ಸ್ತುತಿಸುತ್ತೇನೆ ಎಂದು ಯೆಹೂದ ಎಂದು ಕರೆದಳು.

ರಾಹೇಲಳಿಗೆ ಬಹಳ ವರ್ಷ ಮಕ್ಕಳಿರಲಿಲ್ಲ. ಕೊನೆಗೆ ಹುಟ್ಟಿದವನಿಗೆ ಯೋಸೇಫ ಎಂದು ಹೆಸರಿಟ್ಟಳು. 'ಇನ್ನೂ ಸೇರಿಸಲಿ' ಎಂದು ಅರ್ಥ. ಇನ್ನೊಬ್ಬನನ್ನು ದೇವರು ಕೊಡಲಿ ಎಂದು ಕೇಳಿಕೊಂಡಿದ್ದಳು, ಇನ್ನೊಬ್ಬ ಬಂದ. ಆದರೆ ಬೇತ್ಲೆಹೇಮಿನ ದಾರಿಯಲ್ಲಿ ಆ ಹೆರಿಗೆಯಲ್ಲೇ ಅವಳು ತೀರಿಕೊಂಡಳು. ಪ್ರಾಣ ಹೋಗುವಾಗ ಮಗುವನ್ನು 'ಬೆನೋನಿ' ಎಂದು ಕರೆದಳು. ಬೆನ್ ಎಂದರೆ ಮಗ. ಓನಿ ಎಂದರೆ ನನ್ನ ದುಃಖ. ತಂದೆ ಮಾತ್ರ ಅವನನ್ನು ಬೆನ್ಯಾಮೀನ ಎಂದ, 'ಬಲಗೈಯ ಮಗ'. ನಮ್ಮ ಪುಟ್ಟಿಯ ಗೆಳೆಯ ಬೆಂಜಮಿನ್ ಇವನೇ.

ಯಾಕೋಬ ಹೆಂಡತಿಯ ಕೊನೆಯ ಮಾತನ್ನು ಅಳಿಸಿಹಾಕಿದನೇ? ಇಲ್ಲ ಎನ್ನುತ್ತಾನೆ 13ನೇ ಶತಮಾನದ ಸ್ಪೇನಿನ ಯಹೂದಿ ಪಂಡಿತ ನಹ್ಮನಿದೇಸ್. ಹೀಬ್ರೂವಿನ 'ಓನಿ'ಗೆ 'ನನ್ನ ಶಕ್ತಿ' ಎಂಬ ಅರ್ಥವೂ ಇದೆ. ತಾಯಿ ದುಃಖ ಎಂದದ್ದನ್ನು ತಂದೆ ಶಕ್ತಿ ಎಂದು ತಿರುಗಿಸಿಕೊಂಡ. ಶಕ್ತಿ ಇರುವುದು ಬಲಗೈಯಲ್ಲಿ ತಾನೆ? ನಮ್ಮ ಕನ್ನಡದಲ್ಲೂ ಬಲ ಎಂದರೆ ಶಕ್ತಿಯೂ ಹೌದು, ಬಲಗಡೆಯೂ ಹೌದು.

ಪುಟ್ಟಿ ಇದನ್ನೆಲ್ಲ ಬರೆದುಕೊಂಡು, "ಹಿರಿಯರ ಹೆಸರಿಗೆ ದಾವಣಗೆರೆ ಅಜ್ಜಿದು ಬರೀತೀನಿ" ಎಂದಳು. ನಾನು ಸುಮ್ಮನಾದೆ.

ದಾವಣಗೆರೆ ಅಜ್ಜಿ ನನ್ನ ಅಕ್ಕ, ಹೆಸರು ಸಾಕಮ್ಮ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದೂ ಹೆಣ್ಣೇ ಆದಾಗ ನಮ್ಮ ಮನೆಯಲ್ಲಿ ಇಟ್ಟ ಹೆಸರು. ಹೆಣ್ಣು ಇನ್ನು ಸಾಕು ಎಂದು. ಆ ಹೆಸರು ಅವಳಿಗೆ ಯಾವತ್ತೂ ಹಿಡಿಸಲಿಲ್ಲ. ಖಾತೆ ತೆರೆಯಲು ನನ್ನ ಕೌಂಟರಿಗೇ ಬಂದು, "ಸರಸ್ವತಿ ಅಂತ ಬರ್ಕೊಳ್ಳೋ" ಎಂದಿದ್ದಳು. ಶಾಲೆಯ ದಾಖಲೆಯಲ್ಲಿ ಇರುವ ಹಾಗೇ ಬರೆಯಬೇಕು ಎಂದು ನಾನು ಕಾಯಿದೆ ಹೇಳಿದೆ. ಮರುಮಾತಾಡದೆ ಸಹಿ ಹಾಕಿದಳು. ಕಾಯಿದೆಯಲ್ಲಿ ತಪ್ಪಿರಲಿಲ್ಲ, ನಾನು ಹೇಳಿದ ಧಾಟಿಯಲ್ಲಿ ಇತ್ತು.

ಪುಟ್ಟಿ ಬಿಡಲಿಲ್ಲ. ಹೇಳಬೇಕಾಯಿತು. ಅವಳು ಪೆನ್ಸಿಲು ಕಚ್ಚಿಕೊಂಡು, "ಬೆಕ್ಕು ಸಾಕ್ತೀವಲ್ಲ ತಾತ, ಆ ಸಾಕು ಅಲ್ವಾ?" ಎಂದಳು.

ಅಮ್ಮ ಹೊಲದ ಕೆಲಸಕ್ಕೆ ಹೋಗುತ್ತಿದ್ದಳು. ನನಗೆ ತುತ್ತು ಇಟ್ಟು, ಸೊಂಟದ ಮೇಲೆ ಹೊತ್ತು ತಿರುಗಿ ನನ್ನನ್ನು ಸಾಕಿದವಳು ನನಗಿಂತ ಐದೇ ವರ್ಷ ದೊಡ್ಡವಳಾದ ಈ ಅಕ್ಕ.

ಪುಟ್ಟಿ ಆಗಲೇ ಫೋನು ಹಚ್ಚಿ ಬೆನೋನಿಯ ಕಥೆ, ಬೆಕ್ಕಿನ ಮಾತು ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನನ್ನನ್ನು ಕರೆದಳು.

"ಏನೋ, ಅಷ್ಟು ವರ್ಷ ಕೂತು ಊರೋರ ಹೆಸರೆಲ್ಲ ಬರ್ದೆ. ಇದನ್ನ ಹೇಳೋಕೆ ಮಗೂನೇ ಬರ್ಬೇಕಾಯ್ತಾ?"

"ತಪ್ಪಾಯ್ತು ಅಕ್ಕ" ಎಂದೆ.

"ಇರ್ಲಿ ಬಿಡು. ಆ ಬೆಂಜಮಿನ್ ಹುಡುಗನ ಅಮ್ಮ ಚೆನ್ನಾಗಿದ್ದಾಳೇನೋ?"

ಚೆನ್ನಾಗಿದ್ದಾರೆ, ದಿನಾ ಬೆಳಗ್ಗೆ ಸ್ಕೂಟರಿನಲ್ಲಿ ಅವನನ್ನು ಶಾಲೆಗೆ ಬಿಡಲು ಬರುತ್ತಾರೆ ಎಂದೆ.