ಟೇಪಿಗೇರಿದ ಬೀಸುವ ಹಾಡು

ಬಾದಾಮಿಯ ಮೂರನೇ ಗುಹೆಯೊಳಗೆ ಚಾಲುಕ್ಯ ಮಂಗಳೇಶನ ಶಾಸನ ಕ್ರಿ.ಶ. 578ರಿಂದ ಕುಂತೈತಿ. ಅವನಿಗೆ ಬಂಡೆ ದಕ್ಕಿತು. ನಮ್ಮ ಅವ್ವಂದಿರ ಬೀಸುವ ಹಾಡಿಗೆ ದಕ್ಕಿದ್ದು ಇಳಕಲ್ಲಿನ ಮಾಸ್ತರರೊಬ್ಬರ ಮನೆಯ ಹಳೇ 486 ಕಂಪ್ಯೂಟರು. ಹುನಗುಂದದ ಕೇರಿಗಳಲ್ಲಿ ಅವರು ಬರೆದುಕೊಂಡ ವಹಿಗಳು, ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ಕಳೆದವು. ಟೈಪು ಮಾಡಿದ್ದಷ್ಟೇ ಉಳಿದಿತ್ತು.

ಹಾರ್ಡ್‌ಡಿಸ್ಕು ಕರಕರ ಅನ್ನತೊಡಗಿತು. ಪೆನ್‌ಡ್ರೈವ್ ಹಾಕಾಕ ಜಾಗಾನ ಇಲ್ಲ. ಇಡೀ 120 ಎಂಬಿಗೆ 1.44 ಎಂಬಿಯ ಫ್ಲಾಪಿ 80ಕ್ಕೂ ಹೆಚ್ಚು ಬೇಕು. ಹಾಡಿನ ಫೈಲಷ್ಟೇ ಸಾಕೆಂದ ಒಬ್ಬ ಗೆಳೆಯ. ನಾವು ಕೇಳಲಿಲ್ಲ. ಫ್ಲಾಪಿಯ ಕೇಬಲ್ಲಿಗೇ ಸಿಕ್ಕಿಸುವ ಕ್ಯುಐಸಿ-80 ಟೇಪ್ ಡ್ರೈವ್ ಹುಡುಕಿ ತಂದೆವು. ಮೊದಲ ಟೇಪಿನ ಡಬ್ಬಿಯೊಳಗಿನ ಪಟ್ಟಿ ಹಳತಾಗಿ ಹರಿದುಬಿತ್ತು. ಎರಡನೆಯದು ಓಡಿತು. ಬರೆದರಷ್ಟೇ ಆಗಲಿಲ್ಲ, ಮತ್ತೆ ಓದಿಸಿ ಡಿಸ್ಕಿನ ಜೋಡಿ ತಾಳೆ ನೋಡಬೇಕು. ತಾಳೆ ಆತು.

ಇನ್ನೊಂದು ಹಳೇ ಯಂತ್ರಕ್ಕೆ ಇಳಿಸಿ ತೆರೆದರೆ ಹಾಡಿನ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ! ಯುನಿಕೋಡ್ ಬಳಕೆಗೆ ಬರುವ ಮುಂಚಿನ ಬರಹ, ಅದರದೇ ಫಾಂಟಿಲ್ಲದೆ ಕನ್ನಡವಾಗಿ ಕಾಣದು. ಪುಣ್ಯಕ್ಕೆ ಫಾಂಟೂ ಅದೇ ಟೇಪಿನಲ್ಲಿತ್ತು.

ಅವ್ವನಿಗೆ ಓದಿ ಹೇಳಿದೆವು. "ನಡುವಿನ ನುಡಿ ಬಿಟ್ಟಾರಲ್ಲೋ ನಿಮ್ಮ ಮಾಸ್ತರು" ಅಂದಳು. ಈಗ ಆಕಿ ಹೇಳಾಕತ್ತಾಳ, ನಾವು ಬರಕೊಳ್ಳಾಕತ್ತೀವಿ.