ಹೆಸರಿನ ಕೊನೆಯ ಪ್ರಶ್ನಾರ್ಥಕ

ಸೋಲ್ ನಗರದಿಂದ ಬಂದ ಆ ಕಡತವನ್ನು ಆಕೆ ತೆರೆದಾಗ ಸಂಜೆ ಆರು ದಾಟಿತ್ತು. ಬೆಂಗಳೂರಿನಲ್ಲಿ ಕೊರಿಯಾ ಮೂಲದ ಕಂಪೆನಿಗಳ ಸಾಫ್ಟ್‌ವೇರ್ ಕಚೇರಿಗಳು ಹೊಸತೇನಲ್ಲ. ಅಂಥದೊಂದರಲ್ಲಿ ಆಕೆಗೆ ಕೆಲಸ. ಬಂದದ್ದು ಘನವಾದ ದಾಖಲೆಯೇನೂ ಅಲ್ಲ. ಅಲ್ಲಿನ ಹಳೆಯ ಯಂತ್ರವೊಂದರಿಂದ ಇಳಿಸಿದ ಸಿಬ್ಬಂದಿಯ ಹೆಸರುಗಳ ಪಟ್ಟಿ. ಹೊಸ ವ್ಯವಸ್ಥೆಗೆ ಏರಿಸಬೇಕು, ಅಷ್ಟೆ. ಇಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದರೆ ಪರದೆಯ ತುಂಬ ಡಿಗ್ರಿ ಗುರುತುಗಳು, ತಲೆಕೆಳಗಾದ ಆಶ್ಚರ್ಯಸೂಚಕಗಳು, ಟೋಪಿಯಿಟ್ಟ ಯೂರೋಪಿನ ಅಕ್ಷರಗಳು!

ಆಕೆ ಗಾಬರಿಯಾಗಲಿಲ್ಲ. ಕನ್ನಡದವರಿಗೆ ಇದೇನು ಕಾಣದ ಸಂಗತಿಯೇ? ಊರಿನಿಂದ ಅಣ್ಣ ಕಳುಹಿಸಿದ ಗೃಹಪ್ರವೇಶದ ಕರೆಯೋಲೆ, ಆ ಫಾಂಟು ತನ್ನ ಕಂಪ್ಯೂಟರಿನಲ್ಲಿ ಇಲ್ಲದ ಒಂದೇ ಕಾರಣಕ್ಕೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆಯಾಗಿ ಕಂಡದ್ದು ಆಕೆಗೆ ಚೆನ್ನಾಗಿ ನೆನಪಿದೆ. ಕಡತದೊಳಗೆ ಇರುವುದು ಅಕ್ಷರಗಳಲ್ಲ, ಬರೀ ಅಂಕಿಗಳು. ಯಾವ ಅಂಕಿಗೆ ಯಾವ ಅಕ್ಷರ ಎಂಬ ಕೋಷ್ಟಕ ತಪ್ಪಿದರೆ ಮಾತೇ ತಪ್ಪಿತು. ಕೊರಿಯಾದ ಹಳೆಯ ಕಡತಗಳ ಕೋಷ್ಟಕಕ್ಕೆ ಇಯುಸಿ-ಕೆಆರ್ ಎಂದು ಹೆಸರು. ಅದರ ಪ್ರಕಾರ ಓದು ಎಂದು ಎಡಿಟರಿಗೆ ಹೇಳಿದಳು.

ಈಗ ಚೌಕಗಳು ಬಂದವು. ಸಾಲು ಸಾಲಾಗಿ, ತಟ್ಟೆಯಲ್ಲಿ ಕೊಯ್ದಿಟ್ಟ ಮೈಸೂರುಪಾಕಿನಂತೆ, ಒಂದೊಂದರೊಳಗೂ ಇರುವೆಯಷ್ಟು ಸಣ್ಣ ಅಂಕಿಗಳು. ಇದು ಶುಭಸೂಚನೆಯೇ. ಅಕ್ಷರ ಯಾವುದೆಂದು ಯಂತ್ರಕ್ಕೆ ತಿಳಿದಿದೆ, ಬರೆದು ತೋರಿಸಲು ಫಾಂಟು ಇಲ್ಲ ಎಂದರ್ಥ. ಖಾತ್ರಿ ಮಾಡಿಕೊಳ್ಳಲು ಇಮ್ಯಾಕ್ಸ್ ಜೊತೆಗೇ ಬರುವ 'ಹಲೋ' ಎಂಬ ಪುಟವನ್ನು ತೆರೆದಳು. ಲೋಕದ ಹತ್ತಾರು ಲಿಪಿಗಳಲ್ಲಿ ನಮಸ್ಕಾರ ಹೇಳುವ ಪುಟ ಅದು. ಕನ್ನಡದ ಸಾಲಿನಲ್ಲಿ 'ನಮಸ್ಕಾರ' ದುಂಡಗೆ ಕುಳಿತಿತ್ತು. ಕೊರಿಯಾದ ಸಾಲಿನಲ್ಲಿ ಮೈಸೂರುಪಾಕು.

ಫಾಂಟು ತಂದು ಹಾಕಿದ ಮೇಲೆ ಎಲ್ಲ ಸರಿಹೋಯಿತು. ಅಗಲದ ತಕರಾರು ಒಂದಿತ್ತು. ಇಂಥ ಎಡಿಟರುಗಳಲ್ಲಿ ಪ್ರತಿ ಅಕ್ಷರಕ್ಕೂ ಒಂದು ಮನೆ. ಕೊರಿಯಾ, ಚೀನಾ, ಜಪಾನಿನ ಅಕ್ಷರಗಳಿಗೆ ಮಾತ್ರ ಎರಡು ಮನೆ. ಫಾಂಟು ಈ ಲೆಕ್ಕಕ್ಕೆ ಒಪ್ಪದಿದ್ದರೆ ಕಾಲಂಗಳು ಸೊಟ್ಟಗಾಗುತ್ತವೆ. ಅದನ್ನೂ ಸರಿಪಡಿಸಿ ಆಕೆ ಪಟ್ಟಿಯ ಮೇಲೆ ಕಣ್ಣಾಡಿಸಿದಳು. ಅರ್ಧದಲ್ಲಿ ಒಂದು ಹೆಸರು ತಡೆಯಿತು. ಎರಡು ಅಕ್ಷರ ಸರಿಯಾಗಿತ್ತು, ಮೂರನೆಯದರ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

ಇದಕ್ಕೆ ಫಾಂಟು ಮದ್ದಲ್ಲ. ಚೌಕವಾದರೆ ಅಕ್ಷರ ಇದೆ, ಕಾಣುತ್ತಿಲ್ಲ. ಇಲ್ಲಿ ಕಡತದಲ್ಲೇ ಪ್ರಶ್ನಾರ್ಥಕ ಕೂತುಬಿಟ್ಟಿದೆ. ಅಕ್ಷರವೇ ಹೋಗಿದೆ.

ಹೋದದ್ದು ಹೇಗೆ ಎಂಬುದು ಸ್ವಲ್ಪ ಹಿಂದಿನ ಕಥೆ. ಚೀನೀ ಅಕ್ಷರಗಳನ್ನು ಕಲಿಯಲಾಗದ ಸಾಮಾನ್ಯ ಜನರಿಗೆಂದು ದೊರೆ ಸೆಜೋಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಲಿಪಿ ಹಂಗುಲ್. ನಮ್ಮ ಕಾಗುಣಿತದ ದೂರದ ನೆಂಟನೆನ್ನಿ. ವ್ಯಂಜನ, ಸ್ವರ, ಬೇಕಾದರೆ ಕೆಳಗೊಂದು ವ್ಯಂಜನ, ಇವನ್ನು ಒಂದೇ ಚೌಕದಲ್ಲಿ ಜೋಡಿಸಿದರೆ ಒಂದು ಅಕ್ಷರ. ಮೊದಲಿಗೆ 19, ನಡುವೆ 21, ಕೊನೆಗೆ ಏನೂ ಇಲ್ಲದ್ದೂ ಸೇರಿ 28, ಗುಣಿಸಿದರೆ 11,172. ಆದರೆ 1987ರಲ್ಲಿ ಸಿದ್ಧವಾದ ರಾಷ್ಟ್ರೀಯ ಕೋಷ್ಟಕದಲ್ಲಿ ಜಾಗ ಪಡೆದ ಹಂಗುಲ್ ಅಕ್ಷರಗಳು 2,350 ಮಾತ್ರ. 94 ಸಾಲು, ಸಾಲಿಗೆ 94 ಮನೆ ಎಂಬುದು ಆಗಿನ ಅಂತರರಾಷ್ಟ್ರೀಯ ಚೌಕಟ್ಟು. ಅದರಲ್ಲಿ 52 ಸಾಲು ಚೀನೀ ಅಕ್ಷರಗಳಿಗೆ ಹೋಯಿತು, ಹಂಗುಲ್‌ಗೆ ದಕ್ಕಿದ್ದು 25. ಬಳಕೆಯಲ್ಲಿ ಹೆಚ್ಚಾಗಿ ಕಾಣುವ ಅಕ್ಷರಗಳನ್ನು ಆರಿಸಿ ಉಳಿದವಕ್ಕೆ ಬಾಗಿಲು ಹಾಕಿದರು. ಬಿಡಿಭಾಗಗಳನ್ನು ಜೋಡಿಸಿಕೊಳ್ಳುವ ಇನ್ನೊಂದು ಪದ್ಧತಿಯೂ ಆಗ ಇತ್ತು. ಅದೇ ಎರಡು ಬೈಟುಗಳಲ್ಲಿ ಅದು 11,172ನ್ನೂ ಹಿಡಿಸುತ್ತಿತ್ತು. ಜೋಡಿಸಲೆಂದೇ ಹುಟ್ಟಿದ ಲಿಪಿಯನ್ನು ಅಚ್ಚು ಹೊಯ್ದು ಮಾರುವುದೇ ಎಂದು ಜಗಳವೂ ಆಯಿತು. 1990ರಲ್ಲಿ ಎಂಬಿಸಿ ದೂರದರ್ಶನದಲ್ಲಿ 'ತ್ತೋಂಬಾಂಗ್ ಗಾಖಾ' ಎಂಬ ಧಾರಾವಾಹಿ ಬಂದಾಗ ಜನಕ್ಕೆ ಬಿಸಿ ತಟ್ಟಿತು. ಆ ಹೆಸರಿನ ಮೊದಲ ಅಕ್ಷರವೇ ರಾಷ್ಟ್ರೀಯ ಕೋಷ್ಟಕದಲ್ಲಿರಲಿಲ್ಲ!

ಈ ವಿಷಯದಲ್ಲಿ ಕನ್ನಡ ಪುಣ್ಯ ಮಾಡಿತ್ತು ಎನ್ನಬೇಕು. ನಮ್ಮ 'ಸ್ತ್ರೀ'ಯನ್ನು ಯಾರೂ ಪಟ್ಟಿಗೆ ಸೇರಿಸಲಿಲ್ಲ, ಪಟ್ಟಿಯಿಂದ ಬಿಡಲೂ ಇಲ್ಲ. ಯೂನಿಕೋಡಿನಲ್ಲಿ ಆಕೆ ಆರು ತುಂಡುಗಳ ಜೋಡಣೆ. ತೋರಿಸಲು ಯಂತ್ರಗಳು ವರ್ಷಗಟ್ಟಲೆ ಒದ್ದಾಡಿದವು, ನಿಜ. ಆದರೆ ಇಂಥ ಒತ್ತಕ್ಷರ ಇಲ್ಲ ಎಂದು ಯಾರಿಗೂ ಹೇಳುವಂತಿಲ್ಲ. ಹಂಗುಲ್‌ನ ಎಲ್ಲ 11,172 ಅಕ್ಷರಗಳೂ ಒಟ್ಟಾಗಿ, ಕ್ರಮವಾಗಿ ಯೂನಿಕೋಡಿನಲ್ಲಿ ಕುಳಿತದ್ದು 1996ರಲ್ಲಿ. ಹಳೆಯ ಕೋಷ್ಟಕದ ಯಂತ್ರಗಳು ಅಷ್ಟಕ್ಕೇ ಸಾಯಲಿಲ್ಲ.

ಆಕೆ ಆ ಹೆಸರಿನವಳಿಗೇ ಪತ್ರ ಬರೆದು ಕೇಳಿದಳು. ಮರುದಿನ ಉತ್ತರ ಬಂತು, ಕಾಗದದ ಮೇಲೆ ಪೆನ್ನಿನಲ್ಲಿ ಬರೆದ ಹೆಸರಿನ ಫೋಟೊ. ಕೊನೆಯ ಅಕ್ಷರದಲ್ಲಿ ಒಂದು ಪುಟ್ಟ ಚೌಕ, ಅದರ ಕೆಳಗೆ ಅಡ್ಡಗೆರೆ, ಬಲಕ್ಕೆ ನೆಟ್ಟಗೆರೆ. ಚೌಕವೆಂದರೆ ಹಂಗುಲ್‌ನಲ್ಲಿ 'ಮ'ಕಾರ; ಬಾಯಿಯ ಆಕಾರದಿಂದ ಮಾಡಿದ್ದೆಂದು ಲಿಪಿಯ ಮೂಲಗ್ರಂಥವೇ ಹೇಳುತ್ತದೆ. ನಿನ್ನೆಯಿಡೀ ಚೌಕಗಳನ್ನು ಓಡಿಸಿದವಳಿಗೆ ಕಳೆದುಹೋದ ಅಕ್ಷರವೇ ಚೌಕದಿಂದ ಶುರುವಾಗಬೇಕೆ! ಫೋಟೊದ ಕೆಳಗೆ ಆ ಹುಡುಗಿ ಒಂದು ಮಾತು ಸೇರಿಸಿದ್ದಳು: ಶಾಲೆಯಿಂದಲೂ ಹೀಗೇ, ಎಷ್ಟೋ ಕಡೆ ಅಡ್ಡಗೆರೆ ಬಿಟ್ಟು ಬರೀ 'ಮಿ' ಎಂದು ಬರೆದುಬಿಡುತ್ತಾರೆ, ನಿಮಗೆ ತೊಂದರೆಯಾದರೆ ಹಾಗೇ ಬರೆಯಿರಿ.

ಆಕೆ ಕೀಲಿಮಣೆಯನ್ನು ಕೊರಿಯಾದ ವಿನ್ಯಾಸಕ್ಕೆ ತಿರುಗಿಸಿ ಮೂರು ಕೀಲಿ ಒತ್ತಿದಳು. ಚೌಕ ಬಂತು, ಅಡ್ಡಗೆರೆ ಬಂದು ಅದರ ಕೆಳಗೆ ಮಲಗಿತು, ನೆಟ್ಟಗೆರೆ ಬಂದು ಪಕ್ಕದಲ್ಲಿ ನಿಂತಿತು. ಉಳಿಸಲು ಹೋದಾಗ ಎಡಿಟರು ತಡೆದು ಹೇಳಿತು: ಈ ಅಕ್ಷರವನ್ನು ಈ ಕೋಷ್ಟಕದಲ್ಲಿ ಬರೆಯಲು ಬಾರದು, ಬೇರೆಯದನ್ನು ಆರಿಸಿ. ಆಕೆ ಯುಟಿಎಫ್-8 ಆರಿಸಿದಳು.

ಸೋಲ್‌ನ ಹಳೆಯ ಯಂತ್ರ ಆ ತಿಂಗಳ ಕೊನೆಯವರೆಗೆ ನಡೆಯಬೇಕಿತ್ತು. ಅದಕ್ಕೆಂದು ಹಳೆಯ ಕೋಷ್ಟಕದಲ್ಲೂ ಒಂದು ಪ್ರತಿ ಕೊಡಬೇಕಾಯಿತು. ಅದರಲ್ಲಿ 'ಮಿ' ಎಂದು ತುಂಬಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆಕೆ ಪ್ರಶ್ನಾರ್ಥಕವನ್ನು ಹಾಗೆಯೇ ಬಿಟ್ಟು ಕಳುಹಿಸಿದಳು.