ಗಾಲಿ ಮೇಲಿನ ಬಿಡಾರ

ಅಮೆರಿಕದ ಕೊಲರಾಡೋ ರಾಜ್ಯದ ತೆಂಕಣ ಅಂಚಿನಲ್ಲಿ ಸ್ಯಾನ್ ಲೂಯಿಸ್ ಕಣಿವೆ. ಹೆಸರಿಗಷ್ಟೇ ಕಣಿವೆ, ನಿಂತು ನೋಡಿದರೆ ಕಣ್ಣು ಹಾಯುವಷ್ಟೂ ಬಯಲು. ಅದೂ ಸಮುದ್ರಮಟ್ಟದಿಂದ 7,500 ಅಡಿ ಮೇಲೆ. ವರ್ಷಕ್ಕೆ ಏಳೆಂಟು ಇಂಚು ಮಳೆ. ನಮ್ಮ ಚಳ್ಳಕೆರೆ ಇದರ ಮುಂದೆ ಮಲೆನಾಡು. 1970ರ ದಶಕದಲ್ಲಿ ಈ ಬಯಲನ್ನು ಐದೈದು ಎಕರೆಗೆ ತುಂಡು ಹಾಕಿ, ಬುಲ್‌ಡೋಜರಿನಿಂದ ದಾರಿ ಗೀಚಿ, ದೂರದೂರಿನವರಿಗೆಲ್ಲ ಮಾರಿದರು. ದಾರಿಯೇನೋ ಇತ್ತು, ನೀರು-ಕರೆಂಟು ಇರಲಿಲ್ಲ. ಎಷ್ಟೋ ತುಂಡುಗಳು ಇವತ್ತಿಗೂ ಸೇಜ್ ಕುರುಚಲು ಬೆಳೆದುಕೊಂಡು ಹಾಗೇ ಬಿದ್ದಿವೆ. ಅಂಥದೊಂದನ್ನು ನನ್ನ ಅಕ್ಕ-ಭಾವ ಕೊಂಡಿದ್ದಾರೆ. ಡೆನ್ವರಿನ ಮನೆ ಮಾರಿ, 28 ಅಡಿಯ ಕ್ಯಾಂಪರ್ ಗಾಡಿಯೊಂದನ್ನು ಪಿಕಪ್ಪಿಗೆ ಕಟ್ಟಿ ಎಳೆತಂದು, ಮನೆ ಏಳುವ ತನಕ ಅದರಲ್ಲೇ ಬಿಡಾರ.

ಮನೆ ಕಟ್ಟುತ್ತಿದ್ದಾರೆ ಎಂದು ಕೇಳಿ ನೋಡಲು ಹೋದವನು ನಾನು. ಪಾಯದ ಗುರುತೂ ಇರಲಿಲ್ಲ. ಭಾವ ಮಂಡಿಯೂರಿ, ಕೈಯಲ್ಲಿ ಅಳತೆಪಟ್ಟಿ ಹಿಡಿದು, ಒಂದು ಗುಂಡಿಯೊಳಗೆ ಬಗ್ಗಿ ನೋಡುತ್ತಿದ್ದರು. ಗುಂಡಿಗೆ ನೀರು ತುಂಬಿ, ಒಂದು ಇಂಚು ಇಳಿಯಲು ಎಷ್ಟು ನಿಮಿಷ ಬೇಕೆಂದು ಲೆಕ್ಕ ಹಾಕುವ ಪರೀಕ್ಷೆ ಅದು. ನೀರು ನಿಧಾನಕ್ಕೆ ಇಂಗಿದರೆ ಶೌಚದ ನೀರು ಮೇಲಕ್ಕೇ ಉಕ್ಕುತ್ತದೆ. ಬೇಗ ಇಂಗಿದರೆ ಸೋಸಿಕೊಳ್ಳಲು ಪುರುಸೊತ್ತಿಲ್ಲದೆ ಅಂತರ್ಜಲಕ್ಕೇ ಸೇರುತ್ತದೆ. ಅಧಿಕೃತ ಪರೀಕ್ಷೆಗೆ ಬೇರೆಯವರು ಬರಬೇಕು, ಭಾವನದು ತಮ್ಮ ಸಮಾಧಾನಕ್ಕೆ. ಇದು ಸರಿಹೋಗದೆ ಸೆಪ್ಟಿಕ್ ಟ್ಯಾಂಕಿಗೆ ಒಪ್ಪಿಗೆಯಿಲ್ಲ, ಅದಿಲ್ಲದೆ ಮನೆಗೆ ಒಪ್ಪಿಗೆಯಿಲ್ಲ. ಆಚೆ ಹೋಗುವ ನೀರಿಗೆ ದಾರಿ ಮಾಡಿದವನಿಗೇ ಇಲ್ಲಿ ಗೋಡೆ ಎಬ್ಬಿಸುವ ಹಕ್ಕು. ನಮ್ಮ ಕಡೆ ಗೃಹಪ್ರವೇಶದ ಊಟವಾಗಿ ಕೈ ತೊಳೆದ ಮೇಲೆ ಬರುವ ಯೋಚನೆ ಇದು.

ಒಳಗೆ ಬರುವ ನೀರಿನದು ಇನ್ನೂ ದೊಡ್ಡ ಕತೆ. ಬೋರ್ ಕೊರೆಯುವವರ ಸರದಿ ಬರುವವರೆಗೆ ಊರಿಂದ ಹೊತ್ತು ತರಬೇಕು. ಸಾವಿರ ಲೀಟರಿನ ಪ್ಲಾಸ್ಟಿಕ್ ತೊಟ್ಟಿ ಇದೆ. ಆದರೆ ಸಾವಿರ ಲೀಟರೆಂದರೆ ಒಂದು ಟನ್ನು, ಪಿಕಪ್ಪಿನ ಬೆನ್ನು ಅದನ್ನು ತಾಳದು. ಅರ್ಧ ತುಂಬಿಸಿಕೊಂಡು, ಮಣ್ಣುದಾರಿಯಲ್ಲಿ ನೀರು ಎಳೆದ ಕಡೆಗೆಲ್ಲ ವಾಲಾಡುತ್ತ ಬರುವುದು. ಕ್ಯಾಂಪರಿನ ಹೊಟ್ಟೆಯಲ್ಲಿ ಮೂರು ಟ್ಯಾಂಕು: ಒಳ್ಳೆಯ ನೀರಿನದು, ಪಾತ್ರೆ-ಸ್ನಾನದ ನೀರಿನದು, ಮತ್ತು ಊಟದ ಹೊತ್ತಿನಲ್ಲಿ ಹೆಸರೆತ್ತಬಾರದ್ದು. ಆ ಮೂರನೆಯದನ್ನು ಊರಿನ ಕ್ಯಾಂಪ್‌ಗ್ರೌಂಡಿಗೆ ಒಯ್ದು ಖಾಲಿ ಮಾಡುವುದು ಭಾವನ ಪಾಲಿನ ಕೆಲಸ. ತಿಪಟೂರಿನಲ್ಲಿ ತೆಂಗಿನ ಬುಡಕ್ಕೆ ಕಾಲುವೆ ಬಿಟ್ಟು ಬೆಳೆದ ಅಕ್ಕ ಈಗ ಒಂದೇ ತಂಬಿಗೆಯಲ್ಲಿ ಮುಖ ತೊಳೆದು, ಅದೇ ನೀರಿಗೆ ನೆಲ ಒರೆಸುವ ಬಟ್ಟೆ ಅದ್ದುತ್ತಾಳೆ.

“ಅಷ್ಟು ಕಷ್ಟವಾದರೆ ಸೂರಿನ ಮೇಲೆ ಬಿದ್ದ ಮಳೆನೀರು ಹಿಡಿಯಬಾರದಾ?” ಎಂದೆ. ಭಾವ ನಕ್ಕರು. ಈ ರಾಜ್ಯದಲ್ಲಿ 2016ರವರೆಗೆ ಸಾಮಾನ್ಯ ಮನೆಯವರು ಮಳೆನೀರು ಹಿಡಿದಿಡುವುದೇ ಕಾನೂನಿಗೆ ಒಪ್ಪದ ಕೆಲಸವಾಗಿತ್ತಂತೆ. ಸೂರಿನಿಂದ ಜಾರಿದ ಹನಿಯೂ ಹಳ್ಳ ಸೇರಿ, ಕೆಳಗಡೆ ಯಾರೋ ಮೊದಲೇ ಹಕ್ಕು ಪಡೆದವರ ಪಾಲಾಗಬೇಕು. ಈಗ ಎರಡು ಪೀಪಾಯಿ, ಒಟ್ಟು 110 ಗ್ಯಾಲನ್, ಅಂದರೆ ನಾನೂರು ಲೀಟರಿನಷ್ಟಕ್ಕೆ ಅಪ್ಪಣೆಯಿದೆ. ಬೆಂಗಳೂರಿನಲ್ಲಿ 30-40ರ ಸೈಟಿನಲ್ಲಿ ಹೊಸ ಮನೆ ಕಟ್ಟಿ ಮಳೆನೀರು ಹಿಡಿಯದಿದ್ದರೆ ದಂಡ. ಇಲ್ಲಿ ಹೆಚ್ಚು ಹಿಡಿದರೆ ತಪ್ಪು. ಇಷ್ಟು ಸಣ್ಣ ಜಮೀನಿನ ಬೋರಿಗೂ ಸಾಮಾನ್ಯವಾಗಿ ಸಿಗುವುದು ಮನೆಯೊಳಗಿನ ಬಳಕೆಯ ಪರವಾನಗಿ ಮಾತ್ರ. ಹೊರಗೊಂದು ಗಿಡಕ್ಕೆ ನೀರು ಹಾಯಿಸುವಂತಿಲ್ಲ. ಅಕ್ಕನ ತುಳಸಿ, ಕರಿಬೇವು ಎರಡೂ ಸಿಂಕಿನ ಮೇಲಿನ ಕಿಟಕಿಯಲ್ಲಿ ಕೂತಿವೆ. ಚಳಿಗಾಲದ ರಾತ್ರಿಗಳಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ಊರಲ್ಲಿ ಹೇಗೂ ಅವು ಹೊರಗೆ ಬದುಕುತ್ತಿರಲಿಲ್ಲ, ಅದು ಬೇರೆ ಮಾತು.

ಕಾನೂನು ಕಟುವೆನಿಸಿತು, ಸ್ಯಾನ್ ಲೂಯಿಸ್ ಊರಿಗೆ ಹೋಗಿ ಬಂದ ಮೇಲೆ ಅಷ್ಟು ಕಟುವೆನಿಸಲಿಲ್ಲ. 1851ರಲ್ಲಿ ಸ್ಪ್ಯಾನಿಷ್ ಮಾತಿನ ಜನ ನೆಲೆನಿಂತ, ರಾಜ್ಯದಲ್ಲೇ ಹಳೆಯ ಊರು. ಮರುವರ್ಷ ಅವರು ತೋಡಿದ ಕಾಲುವೆಯ ಹೆಸರಿನಲ್ಲಿ ಇಡೀ ಕೊಲರಾಡೋದ ಅತಿ ಹಳೆಯ ನೀರಿನ ಹಕ್ಕಿದೆ. ಇಂಥ ಕಾಲುವೆಗಳಿಗೊಬ್ಬ ಮೇಯೊರ್ದೋಮೊ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ಹಂಚುವವನು, ನಮ್ಮ ಕೆರೆಗಳ ನೀರುಗಂಟಿಯ ಕೆಲಸವೇ. ನೂರೆಪ್ಪತ್ತು ವರ್ಷ ಸರದಿ ಕಾಯ್ದವರ ನಡುವೆ ನಿನ್ನೆ ಬಂದವರು ಪೀಪಾಯಿ ಲೆಕ್ಕ ಕೊಡಬೇಕಾದದ್ದೇ.

ಒಳಗಿನ ಸಂಸಾರ ಮಾತ್ರ ನಗು ತರಿಸುವಂಥದ್ದು. ಈ ಎತ್ತರದಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ, ಕುಕ್ಕರಿಲ್ಲದೆ ಬೇಳೆ ಬೇಯುವುದೇ ಇಲ್ಲ. ಒಗ್ಗರಣೆಗೆ ಮೆಣಸಿನಕಾಯಿ ಬಿದ್ದ ಕೂಡಲೇ ಹೊಗೆಯ ಅಲಾರಾಂ ಬಡಿದುಕೊಳ್ಳುತ್ತದೆ. ಹಾಗಾಗಿ ಸಾಂಬಾರು ಒಳಗೆ, ಒಗ್ಗರಣೆ ಹೊರಗೆ, ಬ್ಲಾಂಕಾ ಶಿಖರದ ಎದುರಿಗೆ. ಒಬ್ಬರು ನಡೆಯಬೇಕಾದರೆ ಇನ್ನೊಬ್ಬರು ಕೂರಬೇಕು. ಜಗಳವಾಡಿ ಮುನಿಸಿಕೊಂಡು ಹೋಗಲು ಇನ್ನೊಂದು ಕೋಣೆಯಿಲ್ಲ, ಐದು ಎಕರೆ ಬಯಲಿದೆ. ಗಾಳಿಯ ಹೊಡೆತಕ್ಕೆ ಐದು ನಿಮಿಷದಲ್ಲಿ ಯಾರಾದರೂ ವಾಪಸು ಬರಲೇಬೇಕು. ಚಳಿ ತಡೆಯಲು ಗಾಡಿಯ ಕಾಲಡಿಯ ಸುತ್ತ ಒಣಹುಲ್ಲಿನ ಪೆಂಡಿ ಒತ್ತಿದ್ದಾರೆ. ಆದರೂ ಉಸಿರು, ಅನ್ನದ ಹಬೆ ಎಲ್ಲ ಸೇರಿ ಬೆಳಗಿನ ಹೊತ್ತಿಗೆ ಕಿಟಕಿ ಬೆವರುತ್ತದೆ. ನೀರಿಗೆ ಪರದಾಡುವ ಮನೆಯಲ್ಲಿ ಗೋಡೆಯ ನೀರು ಒರೆಸುವುದೇ ಬೆಳಗಿನ ಮೊದಲ ಕೆಲಸ.

ಒಂದು ಸಂಜೆ ಭಾವ ಮನೆಯ ನಕ್ಷೆ ಹರಡಿದರು. ಮೂರು ಮಲಗುವ ಕೋಣೆ, ದೊಡ್ಡ ಹಾಲು. ಅಕ್ಕ ಪೆನ್ಸಿಲು ತೆಗೆದುಕೊಂಡು ಒಂದು ಕೋಣೆಗೆ ಅಡ್ಡಗೆರೆ ಎಳೆದಳು, ಹಾಲನ್ನು ಅರ್ಧ ಮಾಡಿದಳು.

“ಇಷ್ಟ್ ದೊಡ್ಡದನ್ನ ಗುಡಿಸೋರ್ಯಾರು? ಬಚ್ಚಲು ಮಾತ್ರ ದೊಡ್ಡದಾಗಿರ್ಲಿ. ಹಂಡೆ ತುಂಬಾ ಬಿಸಿನೀರು ಕಾಯ್ಬೇಕು, ಇನ್ನೊಂದು ಚೊಂಬು ಸುರ್ಕೊಂಡ್ರೆ ಯಾರೂ ಲೆಕ್ಕ ಕೇಳ್ಬಾರ್ದು.”

“ಹಂಡೆ ಎಲ್ಲಿಂದ ತರೋಣ?” ಎಂದರು ಭಾವ.

ಅಕ್ಕ ನನ್ನ ಕಡೆ ತಿರುಗಿದಳು. “ವಿಮಾನದಲ್ಲಿ ಒಂದು ಪೆಟ್ಟಿಗೆಗೆ ಎಷ್ಟು ಕಿಲೋ ಬಿಡ್ತಾರೋ? 23 ಅಲ್ವಾ?”